ಲೀ-ಎನ್‌ಫೀಲ್ಡ್‌ನಿಂದ ಗುರಿ ಹೊಡೆಯುವುದು ಹೇಗೆ: ಹಳೆಯ ಸೇನಾ ರೈಫಲ್ ಹವ್ಯಾಸಕ್ಕೊಂದು ಸಮಗ್ರ ಮಾರ್ಗದರ್ಶಿ

ಎನ್‌ಸಿಸಿ ಶಿಬಿರದಲ್ಲಿ ಬೆವರು ಸುರಿಸಿದವರಿಗೆ ‘ತ್ರೀ ನಾಟ್ ತ್ರೀ’ಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಪೆರೇಡ್ ಮೈದಾನದಲ್ಲಿ ಹೆಗಲು ನೋಯಿಸಿದ, ಪೊಲೀಸ್ ಠಾಣೆಯ ಬಾಗಿಲಲ್ಲಿ ಕಾವಲಿನವನ ಪಕ್ಕಕ್ಕೆ ಒರಗಿಕೊಂಡಿದ್ದ, ಮರದ ಮೈಯ ಆ ರೈಫಲ್ಲೇ ಲೀ-ಎನ್‌ಫೀಲ್ಡ್. ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಕೆನಡಾದಲ್ಲಿ ಬೆಳೆದು, ಅಮೆರಿಕದಲ್ಲಿ ಕೆಲಸ ಮಾಡಿದ ಜೇಮ್ಸ್ ಪ್ಯಾರಿಸ್ ಲೀ ರೂಪಿಸಿದ ಬೋಲ್ಟ್ (ಕಾರ್ತೂಸನ್ನು ಒಳಕ್ಕೆ ತಳ್ಳಿ ಮುಚ್ಚುವ ಭಾಗ) ಮತ್ತು ಮ್ಯಾಗಜಿನ್‌ಗೆ (ಕಾರ್ತೂಸು ತುಂಬುವ ಡಬ್ಬಿ) ಲಂಡನ್ ಬಳಿಯ ಎನ್‌ಫೀಲ್ಡ್ ಕಾರ್ಖಾನೆಯ ನಳಿಕೆ ಸೇರಿಕೊಂಡು 1895ರಲ್ಲಿ ಇದು ಬ್ರಿಟಿಷ್ ಸೇನೆಗೆ ಬಂತು. ಬಂಗಾಳದ ಇಶಾಪುರ ಕಾರ್ಖಾನೆಯೂ ಇದನ್ನು ದಶಕಗಳ ಕಾಲ ತಯಾರಿಸಿತು. ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ವಿಧ್ಯುಕ್ತವಾಗಿ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು. ಕೆನಡಾದ ಉತ್ತರ ಧ್ರುವ ಪ್ರದೇಶದ ರೇಂಜರ್‌ಗಳಂತೂ 1947ರಿಂದ ಎಪ್ಪತ್ತು ವರ್ಷ ಇದನ್ನೇ ಹಿಡಿದು ಹಿಮದಲ್ಲಿ ತಿರುಗಿದರು.

ಸರ್ಕಾರಗಳು ಕೈಬಿಟ್ಟ ಈ ರೈಫಲ್ ಈಗ ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಮತ್ತು ಅಮೆರಿಕದ ರೇಂಜುಗಳಲ್ಲಿ ಹವ್ಯಾಸಿಗಳ ಕೈಯಲ್ಲಿದೆ. ದೂರದರ್ಶಕವಿಲ್ಲ, ಹೊಂದಿಸಬಹುದಾದ ಕೆನ್ನೆಪಟ್ಟಿಯಿಲ್ಲ. ಗುರಿ ಹಿಡಿಯಲು ಒಂದು ತೂತು, ಒಂದು ಕಡ್ಡಿ, ಹಿತ್ತಾಳೆಯ ಹಿಂಬದಿ ತಗಡು ಮತ್ತು ಒಳ್ಳೆಯ ಒದೆತ. ಅಲ್ಲಿ ನೆಲೆಸಿ ಈ ಹವ್ಯಾಸಕ್ಕೆ ಇಳಿಯಬೇಕೆನ್ನುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಭಾರತದಲ್ಲಿರುವವರಿಗೆ ಏನು ಸಾಧ್ಯ ಎಂಬುದನ್ನೂ ಹೇಳುತ್ತೇನೆ. ಒಂದು ಮಾತು ಮೊದಲೇ ಇರಲಿ: ಹಳೆಯ ರೈಫಲ್ ಜೊತೆ ಅವಸರ ಮಾಡುವವರು ಈ ಹವ್ಯಾಸದಲ್ಲಿ ಬಹಳ ದಿನ ಉಳಿಯುವುದಿಲ್ಲ. ಮೊದಲು ಕಾನೂನು, ಆಮೇಲೆ ರೈಫಲ್‌ನ ತಪಾಸಣೆ, ಆಮೇಲೆ ಗುಂಡಿಲ್ಲದ ಅಭ್ಯಾಸ. ಗುಂಡು ಹಾರಿಸುವುದು ಇವೆಲ್ಲ ಮುಗಿದ ಮೇಲಿನ ಮಾತು.

1. ಕಾನೂನು: ಎಲ್ಲಿದ್ದೀರಿ, ಯಾವ ವೀಸಾದಲ್ಲಿದ್ದೀರಿ?

ಅಮೆರಿಕದಲ್ಲಿರುವ ನಮ್ಮವರು ಎಡವುವುದು ಇಲ್ಲಿಯೇ. ಎಚ್-1ಬಿ, ಎಲ್-1, ಎಫ್-1 ಮುಂತಾದ ವಲಸೆಯೇತರ ವೀಸಾದಲ್ಲಿರುವವರು ಬಂದೂಕು ಅಥವಾ ಮದ್ದುಗುಂಡು ಹೊಂದುವುದನ್ನು ಅಲ್ಲಿನ ಕೇಂದ್ರ ಕಾನೂನು ನಿಷೇಧಿಸುತ್ತದೆ. ‘ಹೊಂದುವುದು’ ಎಂದರೆ ಕೊಳ್ಳುವುದಷ್ಟೇ ಎಂದು ಬಹಳ ಜನ ಭಾವಿಸಿದ್ದಾರೆ. ರೇಂಜಿನಲ್ಲಿ ಬಾಡಿಗೆ ರೈಫಲ್ ಕೈಗೆತ್ತಿಕೊಂಡರೂ, ಗೆಳೆಯನ ರೈಫಲ್‌ನಿಂದ ಒಂದು ಗುಂಡು ಹಾರಿಸಿದರೂ ಅದು ಹೊಂದುವುದರಲ್ಲಿಯೇ ಸೇರುತ್ತದೆ. ಕಾನೂನಿನಲ್ಲಿ ಕೆಲವು ವಿನಾಯಿತಿಗಳಿವೆ. ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇರುವುದು ಅವುಗಳಲ್ಲಿ ಮುಖ್ಯವಾದದ್ದು. ರೇಂಜಿನ ಕೌಂಟರಿನಲ್ಲಿ ಯಾರೂ ನಿಮ್ಮ ವೀಸಾ ಕೇಳದೇ ಇರಬಹುದು. ಕೇಳಲಿಲ್ಲವೆಂಬುದು ನ್ಯಾಯಾಲಯದಲ್ಲಿ ವಾದವಾಗುವುದಿಲ್ಲ, ವಲಸೆ ಇಲಾಖೆಯ ಮುಂದೆಯಂತೂ ಅಲ್ಲವೇ ಅಲ್ಲ. ಒಂದು ಮಧ್ಯಾಹ್ನದ ಮೋಜಿಗಾಗಿ ಹತ್ತು ವರ್ಷದ ಗ್ರೀನ್ ಕಾರ್ಡ್ ಸರದಿಯನ್ನು ಪಣಕ್ಕಿಡಬೇಡಿ. ವಲಸೆ ವಕೀಲರನ್ನು ಕೇಳಿಯೇ ಹೆಜ್ಜೆಯಿಡಿ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ಆದರೆ ರಾಜ್ಯದಿಂದ ರಾಜ್ಯಕ್ಕೆ ನಿಯಮಗಳು ಬೇರೆ.

ಬ್ರಿಟನ್ನಿನಲ್ಲಿ ದಾರಿ ಉದ್ದ, ಆದರೆ ಸ್ಪಷ್ಟ. ಗೃಹ ಇಲಾಖೆಯ ಮಾನ್ಯತೆ ಪಡೆದ ಕ್ಲಬ್ ಸೇರಿ, ಕನಿಷ್ಠ 3 ತಿಂಗಳ ಪ್ರೊಬೇಷನ್ ಮುಗಿಸಿ, ಪೊಲೀಸರಿಂದ ಫೈರ್‌ಆರ್ಮ್ ಸರ್ಟಿಫಿಕೇಟ್ ಪಡೆಯಬೇಕು. ಪ್ರತಿ ರೈಫಲ್‌ಗೂ ನೀವು ಸಕಾರಣ ತೋರಿಸಬೇಕು, ಮನೆಯ ಉಕ್ಕಿನ ಕಪಾಟನ್ನು ಪೊಲೀಸರು ಬಂದು ನೋಡುತ್ತಾರೆ. ಕ್ಲಬ್ಬುಗಳ ಅತಿಥಿ ದಿನಗಳಲ್ಲಿ ಸದಸ್ಯರ ಮೇಲ್ವಿಚಾರಣೆಯಲ್ಲಿ ಪ್ರಯತ್ನಿಸಿ ನೋಡುವ ಅವಕಾಶವೂ ಇದೆ. ಕೆನಡಾದಲ್ಲಿ ತರಬೇತಿ ಮುಗಿಸಿ ಪರವಾನಗಿ ಪಡೆಯಬೇಕು. ಆಸ್ಟ್ರೇಲಿಯಾದಲ್ಲಿ ಇದು ‘ಬಿ’ ವರ್ಗದ ಪರವಾನಗಿಗೆ ಸೇರುತ್ತದೆ.

ಭಾರತದಲ್ಲಿ .303 ಸಾಮಾನ್ಯ ನಾಗರಿಕರಿಗೆ ನಿಷಿದ್ಧ ಬೋರ್ (ನಳಿಕೆಯ ಒಳ ಅಳತೆ). ಸರ್ಕಾರಿ ಪಡೆಗಳ ಮದ್ದುಗುಂಡು ಹೊರಗಿನ ರೈಫಲ್‌ಗಳಲ್ಲಿ ಹಿಡಿಯಬಾರದು ಎಂಬುದು ಇದರ ಹಿಂದಿನ ತರ್ಕ. ಇದೇ ಕಾರಣಕ್ಕೆ ಇಶಾಪುರದವರು ಲೀ-ಎನ್‌ಫೀಲ್ಡ್‌ನ ಯಂತ್ರಭಾಗವನ್ನೇ ಇಟ್ಟುಕೊಂಡು .315 ಎಂಬ ನಾಗರಿಕ ರೈಫಲ್ ಮಾಡಿದರು. ಅದಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು. ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿ ಇರುವುದು ನಿಜ. ಕೈಲ್‌ಪೊಳ್ದ್ ಹಬ್ಬದ ಸುಮಾರಿಗೆ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ಅಲ್ಲಿ ಇಂದಿಗೂ ಜೀವಂತವಾಗಿವೆ. ಉಳಿದ ನಮ್ಮಂಥವರಿಗೆ ಯೋಗ್ಯವಾದ ಹಾದಿಯೆಂದರೆ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯಂಥ ಕಡೆ ಸೇರಿ ಏರ್ ರೈಫಲ್, ನಂತರ .22 ಹಿಡಿಯುವುದು. 4.5 ಮಿಲಿಮೀಟರ್ ಬೋರಿನ, 20 ಜೂಲ್ ಮೀರದ ಏರ್ ರೈಫಲ್‌ಗೆ ಪರವಾನಗಿ ಬೇಕಿಲ್ಲ. ಈ ಬರಹದ 4ರಿಂದ 6ನೆಯ ಹಂತಗಳನ್ನು ಅದರಲ್ಲಿಯೂ ಹಾಗೆಯೇ ಅಭ್ಯಾಸ ಮಾಡಬಹುದು.

2. ಯಾವ ಲೀ-ಎನ್‌ಫೀಲ್ಡ್?

ಎರಡು ಮುಖ್ಯ ಕುಲಗಳಿವೆ. ಮೊದಲ ಮಹಾಯುದ್ಧದ ನಂಬರ್ 1 ಮಾರ್ಕ್ 3, ಮೊಂಡು ಮೂತಿಯದು, 1907ರ ವಿನ್ಯಾಸ. ಇದರ ಹಿಂದಿನ ಸೈಟ್ (ಗುರಿ ಹಿಡಿಯುವ ಭಾಗ) ನಳಿಕೆಯ ಮೇಲೆ, ಕಣ್ಣಿನಿಂದ ದೂರದಲ್ಲಿರುವ ತೆರೆದ ಕಚ್ಚು. ಎರಡನೆಯ ಮಹಾಯುದ್ಧದ ನಂಬರ್ 4ರಲ್ಲಿ ಹಿಂದಿನ ಸೈಟ್ ಕಣ್ಣಿನ ಹತ್ತಿರ ಬಂತು, ತೂತಿನ ರೂಪ ತಳೆಯಿತು. ಎರಡು ಸೈಟ್‌ಗಳ ನಡುವಿನ ಅಂತರ ಸುಮಾರು 19 ಇಂಚಿನಿಂದ ಸುಮಾರು 29 ಇಂಚಿಗೆ ಬೆಳೆಯಿತು. ನಳಿಕೆಯೂ ದಪ್ಪ. ನಲವತ್ತು ದಾಟಿದ ಕಣ್ಣಿನವರು ಯೋಚಿಸದೆ ನಂಬರ್ 4 ಹಿಡಿಯಲಿ. ನಂಬರ್ 1ರ ರೂಪ ಚೆಲುವಾದದ್ದು, ಒಪ್ಪುತ್ತೇನೆ. ಆದರೆ ಕಲಿಯುವುದಕ್ಕೆ ಅದು ಕಠಿಣ ಗುರು.

ನಂಬರ್ 4ನ್ನು ಇಂಗ್ಲೆಂಡಿನ ಫಜಾಕರ್ಲಿ, ಮಾಲ್ಟ್‌ಬಿ ಮತ್ತು ಬಿಎಸ್‌ಎ ಶರ್ಲಿ, ಕೆನಡಾದ ಲಾಂಗ್ ಬ್ರಾಂಚ್, ಅಮೆರಿಕದ ಸ್ಯಾವೇಜ್ ಕಾರ್ಖಾನೆಗಳು ತಯಾರಿಸಿದವು. ಲಾಂಗ್ ಬ್ರಾಂಚ್ ರೈಫಲ್‌ಗಳ ಕೆಲಸ ಅಚ್ಚುಕಟ್ಟು ಎಂಬ ಖ್ಯಾತಿಯಿದೆ. ನನ್ನ ಮಟ್ಟಿಗೆ ಕಾರ್ಖಾನೆಯ ಮುದ್ರೆಗಿಂತ ನಳಿಕೆಯ ಸ್ಥಿತಿ ಮುಖ್ಯ. ಯುದ್ಧಕಾಲದಲ್ಲಿ ಸಮಯ ಉಳಿಸಲು ಐದರ ಬದಲು ಎರಡೇ ಗೀರುಗಳ (ಗುಂಡನ್ನು ತಿರುಗಿಸುವ ಒಳಗಿನ ಸುರುಳಿ ಗೆರೆಗಳ) ನಳಿಕೆ ಹಾಕಿದ್ದುಂಟು. ಅದನ್ನು ಕಂಡು ಮೂಗು ಮುರಿಯಬೇಡಿ, ಅವೂ ಚೆನ್ನಾಗಿಯೇ ಹೊಡೆಯುತ್ತವೆ.

ಹೆಗಲಿಗೆ ಒರಗುವ ಬಟ್‌ನ ಉದ್ದವನ್ನು ಬಹಳ ಜನ ನೋಡುವುದೇ ಇಲ್ಲ. ಸೇನೆ ಈ ಮರದ ಬಟ್ಟನ್ನು ನಾಲ್ಕು ಅಳತೆಗಳಲ್ಲಿ ಮಾಡಿಸಿತ್ತು: ಉದ್ದ, ಸಾಮಾನ್ಯ, ಗಿಡ್ಡ ಮತ್ತು ‘ಬ್ಯಾಂಟಮ್’ ಎಂಬ ಇನ್ನೂ ಗಿಡ್ಡನೆಯದು. ಒಂದಕ್ಕೂ ಇನ್ನೊಂದಕ್ಕೂ ಅರ್ಧ ಇಂಚಿನ ವ್ಯತ್ಯಾಸ. ಹಿತ್ತಾಳೆ ತಗಡಿನ ಬಳಿ ಮರದ ಮೇಲೆ ಗುರುತಿನ ಅಕ್ಷರ ಇರುತ್ತದೆ. ನಮ್ಮ ಸರಾಸರಿ ಎತ್ತರದವರಿಗೆ ಗಿಡ್ಡ ಬಟ್ ಹೆಚ್ಚು ಒಗ್ಗುತ್ತದೆ. ಉದ್ದ ಬಟ್ ಹಿಡಿದು ಕತ್ತು ಚಾಚುತ್ತಾ ‘ಈ ರೈಫಲ್ ಸರಿಯಿಲ್ಲ’ ಎನ್ನುವವರನ್ನು ಎಷ್ಟೋ ಮಂದಿ ನೋಡಿದ್ದೇನೆ.

ಗುಂಡು ಹಾರಿಸಲೇಬಾರದ ಕೆಲವು ಇವೆ. ‘ಡಿಪಿ’ ಎಂದು ಮುದ್ರೆ ಒತ್ತಿದವು ಕವಾಯತಿಗೆ ಮಾತ್ರ. ಎನ್‌ಸಿಸಿಯಲ್ಲಿ ನಮ್ಮ ಕೈಗೆ ಕೊಡುತ್ತಿದ್ದವು ಇಂಥವೇ. ಮುಂಭಾಗದ ಮರಕ್ಕೆ ತಂತಿ ಸುತ್ತಿದ ಇಶಾಪುರ ರೈಫಲ್‌ಗಳು ಗ್ರೆನೇಡ್ ಎಸೆಯಲು ದುಡಿದು ಸೊರಗಿರಬಹುದು, ಗೋಡೆಗೆ ಒಪ್ಪುತ್ತವೆ. ಇಶಾಪುರದ 2ಎ ಮತ್ತು 2ಎ1 ಮಾದರಿಗಳು 1960ರ ದಶಕದಲ್ಲಿ 7.62 ಮಿಲಿಮೀಟರ್ ಮದ್ದುಗುಂಡಿಗೆಂದೇ ಬೇರೆ ಉಕ್ಕಿನಲ್ಲಿ ಮಾಡಿದವು. ಅವು ಒಳ್ಳೆಯ ರೈಫಲ್‌ಗಳೇ, ಆದರೆ ಅವುಗಳ ಮದ್ದುಗುಂಡು ಬೇರೆ. ಹೆಸರು ಒಂದೇ ಎಂದು ಪೆಟ್ಟಿಗೆ ಅದಲುಬದಲು ಮಾಡಬೇಡಿ.

3. ಮೊದಲ ಗುಂಡಿಗೆ ಮುನ್ನ ತಪಾಸಣೆ

ಮ್ಯಾಗಜಿನ್ ತೆಗೆಯಿರಿ, ಬೋಲ್ಟ್ ಹಿಂದಕ್ಕೆಳೆಯಿರಿ, ಚೇಂಬರ್ (ನಳಿಕೆಯಲ್ಲಿ ಕಾರ್ತೂಸು ಕೂರುವ ಹಿಂಭಾಗ) ಖಾಲಿ ಎಂದು ಕಣ್ಣಿನಿಂದ ನೋಡಿ, ಬೆರಳಿಟ್ಟೂ ನೋಡಿ. ಆಮೇಲೆ ಉಳಿದದ್ದು.

ಬೋಲ್ಟ್ ಹಿಡಿಯ ಹಿಂಬದಿಯ ಸಂಖ್ಯೆ ರೈಫಲ್‌ನ ಸಂಖ್ಯೆಗೆ ಹೊಂದಬೇಕು. ಈ ಬೋಲ್ಟ್‌ಗಳನ್ನು ಆಯಾ ರೈಫಲ್‌ಗೆ ಕೂಡಿಸಿ ಹೊಂದಿಸುತ್ತಿದ್ದರು; ಬೇರೆಯದರಿಂದ ತಂದು ಸಿಕ್ಕಿಸಿದ್ದರೆ ಎರಡು ಕಡೆಯ ಹಿಡಿತ ಸಮನಾಗಿ ಕೂರದೇ ಇರಬಹುದು. ಸಂಖ್ಯೆ ಹೊಂದದಿದ್ದರೆ ಬಂದೂಕು ತಜ್ಞರ ಬಳಿ ಒಯ್ಯದೆ ಹಾರಿಸಬೇಡಿ.

ಮುಂದಿನದು ಹೆಡ್‌ಸ್ಪೇಸ್. .303ರ ಕಾರ್ತೂಸಿನ ತಳದಲ್ಲಿ ಅಂಚು ಇದೆ. ಆ ಅಂಚು ತಾಗಿ ಕೂರುವ ನಳಿಕೆಯ ಹಿಂತುದಿಗೂ ಬೋಲ್ಟ್ ಮುಖಕ್ಕೂ ನಡುವಿನ ಅಂತರವೇ ಈ ಅಳತೆ. ಸೇನೆಯ ಗೇಜುಗಳ (ಅಳತೆಯ ತುಂಡುಗಳ) ಪ್ರಕಾರ 0.064 ಇಂಚಿನದರ ಮೇಲೆ ಬೋಲ್ಟ್ ಮುಚ್ಚಬೇಕು, 0.074 ಇಂಚಿನದರ ಮೇಲೆ ಮುಚ್ಚಬಾರದು. ಹೆಚ್ಚು ಸಡಿಲವಿದ್ದರೆ ಹಿತ್ತಾಳೆಯ ಕೋಶ ತಳದ ಬಳಿ ಹಿಗ್ಗಿ ಸೀಳುತ್ತದೆ. ನಂಬರ್ 4ರಲ್ಲಿ ಬೋಲ್ಟ್ ತಲೆ ಬಿಚ್ಚಿ ತೆಗೆಯುವಂಥದ್ದು. 0, 1, 2, 3 ಎಂದು ಸಂಖ್ಯೆ ಹೆಚ್ಚಿದಂತೆ ಉದ್ದ ಕೂದಲೆಳೆಯಷ್ಟು ಹೆಚ್ಚುತ್ತದೆ. ಸವೆದ ರೈಫಲನ್ನು ಸೇನೆಯ ಕಾರ್ಯಾಗಾರಗಳು ಹೀಗೆಯೇ ಸರಿಪಡಿಸುತ್ತಿದ್ದವು. ಗೇಜು ಹಿಡಿದು ನೋಡುವ ಕೆಲಸ ತಜ್ಞರಿಗೇ ಬಿಡಿ, ಅದಕ್ಕೆ ತಗಲುವ ಖರ್ಚು ದೊಡ್ಡದಲ್ಲ.

ನಳಿಕೆಯನ್ನು ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿ. ಸ್ವಲ್ಪ ಕಪ್ಪಾಗಿದ್ದರೆ ಚಿಂತೆಯಿಲ್ಲ, ಗೀರುಗಳ ಅಂಚು ಚೂಪಾಗಿರಬೇಕು. ಹೆಚ್ಚಿನ ನಳಿಕೆಗಳು ಹಾಳಾಗಿರುವುದು ಮೂತಿಯಲ್ಲಿ: ದಶಕಗಳ ಕಾಲ ಸೈನಿಕರು ಹಗ್ಗ ಹಾಕಿ ಶುಚಿಗೊಳಿಸುವಾಗ ಆ ಹಗ್ಗ ಒಂದೇ ಕಡೆ ಉಜ್ಜಿ ತುದಿಯನ್ನು ಸವೆಸಿರುತ್ತದೆ. ಮದ್ದಿಲ್ಲದ ಡಮ್ಮಿ ಕಾರ್ತೂಸನ್ನು ಗುಂಡಿನ ತುದಿಯಿಂದ ಮೂತಿಯೊಳಗೆ ಇಳಿಸಿ ನೋಡಿ. ಕೋಶದ ಬಾಯಿಯವರೆಗೂ ಸಲೀಸಾಗಿ ಇಳಿದರೆ ಮೂತಿ ಸವೆದಿದೆ. ಒಂದಿಷ್ಟು ಗುಂಡು ಹೊರಗೆ ಕಾಣುವಂತೆ ನಿಂತರೆ ಸಂತೋಷ ಪಡಿ.

ಕೊನೆಗೆ ಮರ. ಲೀ-ಎನ್‌ಫೀಲ್ಡ್‌ನ ನಿಖರತೆ ಅರ್ಧಕ್ಕರ್ಧ ಮರದಲ್ಲಿದೆ ಎಂದರೆ ಅತಿಶಯೋಕ್ತಿಯಲ್ಲ. ನಂಬರ್ 4ರ ಮುಂಭಾಗದ ಮರ ಮೂತಿಯ ಬಳಿ ನಳಿಕೆಯನ್ನು ಕೆಲವು ಪೌಂಡ್ ಒತ್ತಡದಲ್ಲಿ ಮೇಲಕ್ಕೆ ತಳ್ಳುತ್ತಿರಬೇಕು. ಹಿಂದೆ ಟ್ರಿಗರ್ ಬಳಿ ಮರವು ಲೋಹಕ್ಕೆ ಗಟ್ಟಿಯಾಗಿ ಒತ್ತಿ ಒದೆತವನ್ನು ತಾಳಬೇಕು. ಮೂತಿಯನ್ನು ಬೆರಳಲ್ಲಿ ಮೆಲ್ಲನೆ ಮೇಲೆತ್ತಿ ಬಿಡಿ. ತುಸು ಪ್ರತಿರೋಧ ತೋರಿ ಎದ್ದು, ಮತ್ತೆ ಬಂದು ಕೂತರೆ ಸರಿ. ಮರ ಒಣಗಿದ್ದರೆ ಅಗಸೆ ಎಣ್ಣೆಯನ್ನು ತೆಳುವಾಗಿ ಅಂಗೈಯಿಂದ ತಿಕ್ಕಿ, ಒಣಗಲು ಬಿಟ್ಟು, ಮತ್ತೆ ತಿಕ್ಕಿ. ಮರಳು ಕಾಗದ ಮುಟ್ಟಬೇಡಿ. ಹೊಳಪಿನ ಆಸೆಗೆ ಮುದ್ರೆಗಳನ್ನೆಲ್ಲ ಉಜ್ಜಿ ಅಳಿಸಿದ ರೈಫಲ್ ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

4. ಸುರಕ್ಷತೆ ಮತ್ತು ಸಲಕರಣೆ

ನಾಲ್ಕು ನಿಯಮಗಳು ಎಲ್ಲ ರೇಂಜುಗಳಿಗೂ ಒಂದೇ. ಪ್ರತಿ ರೈಫಲನ್ನೂ ಗುಂಡು ತುಂಬಿದ್ದೆಂದೇ ತಿಳಿಯಿರಿ. ನಾಶವಾಗಬಾರದ ಯಾವುದರ ಕಡೆಗೂ ಮೂತಿ ತಿರುಗಿಸಬೇಡಿ. ಗುರಿಗೆ ಸೈಟ್ ಕೂರುವವರೆಗೆ ಬೆರಳು ಟ್ರಿಗರ್‌ನ ಹೊರಗಿರಲಿ. ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದು ಗೊತ್ತಿರಲಿ. ‘ಸೀಸ್ ಫೈರ್’ ಎಂದು ಯಾರೇ ಕೂಗಲಿ, ಆ ಕ್ಷಣ ನಿಲ್ಲಿಸಿ ಬೋಲ್ಟ್ ತೆರೆಯಿರಿ. ಗುರಿಫಲಕದ ಬಳಿ ಜನರಿದ್ದಾಗ ರೈಫಲ್ ಮುಟ್ಟುವುದೂ ಬೇಡ.

.303 ಒಂದು ಸಿಡಿತಕ್ಕೆ 150 ಡೆಸಿಬಲ್ ಮೀರುತ್ತದೆ. ಕಿವಿಯೊಳಗೊಂದು, ಕಿವಿಯ ಮೇಲೊಂದು ರಕ್ಷಣೆ ಇರಲಿ. ಕಳೆದುಕೊಂಡ ಶ್ರವಣ ಮರಳಿ ಬರುವುದಿಲ್ಲ. ಕಣ್ಣಿಗೆ ಗಟ್ಟಿ ಕನ್ನಡಕ. ಹಿತ್ತಾಳೆಯ ತಗಡು ಹೆಗಲಿಗೆ ಕರುಣೆ ತೋರುವುದಿಲ್ಲವಾದ್ದರಿಂದ ದಪ್ಪ ಬಟ್ಟೆಯ ಜಾಕೆಟ್ ಒಳ್ಳೆಯದು. ರೇಂಜಿನಲ್ಲಿ ತಿನ್ನಬೇಡಿ, ಹೊರಡುವಾಗ ತಣ್ಣೀರು ಮತ್ತು ಸಾಬೂನಿನಲ್ಲಿ ಕೈ ತೊಳೆಯಿರಿ. ಸೀಸದ ಧೂಳು ಬೆರಳುಗಳಲ್ಲಿ ಉಳಿದಿರುತ್ತದೆ.

ಮದ್ದುಗುಂಡಿನ ವಿಷಯದಲ್ಲಿ ಹೊಸ ಕಾರ್ಖಾನೆಯ ಮಾಲನ್ನೇ ಕೊಳ್ಳಿ ಎಂಬುದು ನನ್ನ ಸಲಹೆ. ಸೇನೆಯ ಮಾರ್ಕ್ 7 ಕಾರ್ತೂಸಿನಲ್ಲಿ 174 ಗ್ರೇನ್ ತೂಕದ ಗುಂಡು ಸೆಕೆಂಡಿಗೆ 2440 ಅಡಿ ವೇಗದಲ್ಲಿ ಹೊರಡುತ್ತಿತ್ತು. ಸೈಟ್‌ಗಳ ಗುರುತುಗಳೆಲ್ಲ ಆ ಗುಂಡಿಗಾಗಿ ಬರೆದವು. ಸರ್ಬಿಯಾದ ಪಿಪಿಯು ಅದೇ ತೂಕದ್ದನ್ನು ಮಾಡುತ್ತದೆ, ಚೆಕ್ ದೇಶದ ಸೆಲಿಯರ್ ಅಂಡ್ ಬೆಲೊ ಕೂಡ .303 ತಯಾರಿಸುತ್ತದೆ. ಯಾವುದನ್ನು ಆರಿಸಿದರೂ ಒಂದೇ ಬಗೆಯದಕ್ಕೆ ಅಂಟಿಕೊಳ್ಳಿ. ಹಳೆಯ ಸೇನಾ ದಾಸ್ತಾನು ಅಗ್ಗವೆಂದು ಕೊಂಡರೆ ಅದರ ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ ತಳದ ಬಟ್ಟಲು) ನಳಿಕೆಯಲ್ಲಿ ಉಪ್ಪು ಬಿಡುತ್ತದೆ, ಕೆಲವೊಮ್ಮೆ ತಡವಾಗಿಯೂ ಸಿಡಿಯುತ್ತದೆ. ಟ್ರಿಗರ್ ಎಳೆದು ‘ಟಿಕ್’ ಎಂದಷ್ಟೇ ಕೇಳಿಸಿದರೆ ಮೂತಿಯನ್ನು ಗುರಿಯ ಕಡೆಗೇ ಹಿಡಿದು ಪೂರ್ತಿ ಒಂದು ನಿಮಿಷ ಕಾಯಿರಿ, ಆಮೇಲೆ ಬೋಲ್ಟ್ ತೆರೆಯಿರಿ. ಸಿಡಿತದ ಸದ್ದು ತೀರಾ ಕ್ಷೀಣವಾಗಿದ್ದರೆ ಗುಂಡು ನಳಿಕೆಯಲ್ಲೇ ಸಿಕ್ಕಿರಬಹುದು. ಅಲ್ಲಿಗೆ ನಿಲ್ಲಿಸಿ, ನಳಿಕೆ ಪರೀಕ್ಷಿಸದೆ ಮುಂದಿನದನ್ನು ತುಂಬಬೇಡಿ.

5. ಗುಂಡಿಲ್ಲದೆ ಅಭ್ಯಾಸ

ಇಲ್ಲಿ ತುಸು ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಫಲ ಬರುವುದು ಇಲ್ಲಿಂದ, ಮತ್ತು ಎಲ್ಲರೂ ಹಾರಿ ದಾಟುವುದೂ ಇದನ್ನೇ. ಮದ್ದುಗುಂಡು ಬೇರೆ ಕೋಣೆಯಲ್ಲಿರಲಿ. ಚೇಂಬರಿನಲ್ಲಿ ಸ್ನ್ಯಾಪ್ ಕ್ಯಾಪ್ (ಅಭ್ಯಾಸಕ್ಕೆಂದೇ ಇರುವ ಮದ್ದಿಲ್ಲದ ನಕಲಿ ಕಾರ್ತೂಸು) ಹಾಕಿ. ಗಟ್ಟಿ ಗೋಡೆಯ ಮೇಲೆ ಚಿಕ್ಕ ಕಪ್ಪು ಚುಕ್ಕೆ ಅಂಟಿಸಿ.

ಮಲಗಿ ಹೊಡೆಯುವ ಭಂಗಿಯಿಂದ ಆರಂಭಿಸಿ. ಬಲಗೈಯವರಾದರೆ ದೇಹ ಗುರಿಯ ರೇಖೆಗೆ ತುಸು ಎಡಕ್ಕೆ ಓರೆಯಾಗಿರಲಿ, ಎಡ ಮೊಣಕೈ ಆದಷ್ಟು ರೈಫಲ್‌ನ ಕೆಳಗೆ ಬರಲಿ. ಸ್ಲಿಂಗ್ ಪಟ್ಟಿಯನ್ನು ಎಡ ತೋಳಿನ ಮೇಲ್ಭಾಗಕ್ಕೆ ಬಿಗಿದು, ಅಂಗೈ ಮುಂದಿನ ಕೊಕ್ಕೆಯ ಕಡೆಗೆ ಒತ್ತುವಂತೆ ಎಳೆದುಕೊಳ್ಳಿ. ಈಗ ರೈಫಲನ್ನು ಹೊತ್ತಿರುವುದು ಮೂಳೆ ಮತ್ತು ಪಟ್ಟಿ; ಸ್ನಾಯು ಸಡಿಲವಾಗಿರಬೇಕು. ಎಡ ತೋಳು ನಡುಗುತ್ತಿದ್ದರೆ ಪಟ್ಟಿ ಸಡಿಲವಿದೆ, ಅಷ್ಟೇ. ಹಿತ್ತಾಳೆ ತಗಡನ್ನು ಹೆಗಲಿನ ಕುಳಿಗೆ ಬಲಗೈಯಿಂದ ಗಟ್ಟಿಯಾಗಿ ಎಳೆದುಕೊಳ್ಳಿ. ಕೆನ್ನೆ ಪ್ರತಿ ಸಲವೂ ಮರದ ಅದೇ ಜಾಗದಲ್ಲಿ ಕೂರಲಿ.

ಸೈಟ್ ಮೇಲೆ ಗುರಿ ಕೂರಿಸಿ, ಕಣ್ಣು ಮುಚ್ಚಿ, ಎರಡು ಉಸಿರು ಎಳೆದು ಬಿಟ್ಟು, ಕಣ್ಣು ತೆರೆಯಿರಿ. ಸೈಟ್ ಎಡಕ್ಕೆ ಸರಿದಿದೆಯೇ? ತೋಳಿನಿಂದ ತಳ್ಳಿ ಸರಿಪಡಿಸಬೇಡಿ. ಎಡ ಮೊಣಕೈಯನ್ನು ಅಲ್ಲೇ ಊರಿಕೊಂಡು ಸೊಂಟವನ್ನು ಬೇಕಾದಷ್ಟು ಸರಿಸಿ. ಮೇಲೆ ಕೆಳಗೆ ತಪ್ಪಿದ್ದರೆ ದೇಹವನ್ನು ಇಡಿಯಾಗಿ ಮುಂದಕ್ಕೋ ಹಿಂದಕ್ಕೋ ತನ್ನಿ. ಕಣ್ಣು ತೆರೆದಾಗಲೆಲ್ಲ ಸೈಟ್ ತಾನಾಗಿಯೇ ಗುರಿಯ ಮೇಲಿರುವವರೆಗೂ ಇದನ್ನು ಮಾಡಿ. ರೈಫಲ್ ಸಹಜವಾಗಿ ನೋಡುವ ದಿಕ್ಕಿಗೆ ಗುರಿ ಬರಬೇಕು.

ನಂಬರ್ 4ರ ಹಿಂದಿನ ತೂತನ್ನು ದಿಟ್ಟಿಸಬೇಡಿ, ಅದರ ಮೂಲಕ ನೋಡಿ. ಕಣ್ಣು ತಾನಾಗಿಯೇ ಮುಂದಿನ ಕಡ್ಡಿಯನ್ನು ತೂತಿನ ನಡುವಿಗೆ ತಂದುಕೊಳ್ಳುತ್ತದೆ. ನೋಟ ನೆಡಬೇಕಾದದ್ದು ಆ ಕಡ್ಡಿಯ ಮೇಲಂಚಿನ ಮೇಲೆ. ಗುರಿಯ ಕಪ್ಪು ವೃತ್ತ ಮಸುಕಾಗಿ ಕಂಡರೆ ನೀವು ಸರಿಯಾಗಿ ಮಾಡುತ್ತಿದ್ದೀರಿ ಎಂದರ್ಥ. ಕಡ್ಡಿಯ ತುದಿಯ ಮೇಲೆ ಕಪ್ಪು ವೃತ್ತ ಕೂತಂತೆ, ನಡುವೆ ಕೂದಲೆಳೆಯಷ್ಟು ಬಿಳಿ ಕಾಣುವಂತೆ ಹಿಡಿಯುವುದು ಹಳೆಯ ರೂಢಿ.

ಟ್ರಿಗರ್‌ಗೆ ಎರಡು ಹಂತ. ಮೊದಲನೆಯದು ಹಗುರ, ಸುಮಾರು 3–4 ಪೌಂಡ್. ಅದು ಮುಗಿದಲ್ಲಿ ಗೋಡೆಯಂತೆ ತಡೆಯೊಂದು ಸಿಗುತ್ತದೆ. ಉಸಿರನ್ನು ಅರ್ಧ ಬಿಟ್ಟು ನಿಲ್ಲಿಸಿ, ಮೊದಲ ಹಂತವನ್ನು ಎಳೆದು ಆ ತಡೆಗೆ ತಂದಿಟ್ಟು, ಅಲ್ಲಿಂದ ಎರಡನೆಯ ಹಂತದ ಐದಾರು ಪೌಂಡನ್ನು ನಿಧಾನವಾಗಿ ಏರಿಸುತ್ತಾ ಹೋಗಿ. ಏಳೆಂಟು ಸೆಕೆಂಡಿನಲ್ಲಿ ಬಿಡುಗಡೆಯಾಗದಿದ್ದರೆ ಬೆರಳು ತೆಗೆದು ಉಸಿರಾಡಿ, ಮತ್ತೆ ಮೊದಲಿನಿಂದ ಆರಂಭಿಸಿ. ‘ಟಿಕ್’ ಎಂದಾಗ ಮುಂದಿನ ಕಡ್ಡಿ ಅಲುಗಿತೇ? ಅದು ಎಲ್ಲಿತ್ತು ಎಂದು ಬಾಯಿಬಿಟ್ಟು ಹೇಳಿ. ಹೇಳಲಾಗದಿದ್ದರೆ ಆ ಕ್ಷಣ ನೀವು ಕಣ್ಣು ಮುಚ್ಚಿದ್ದಿರಿ. ಟ್ರಿಗರನ್ನು ತಕ್ಷಣ ಬಿಡದೆ ಹಿಂದಕ್ಕೆ ಹಿಡಿದಿಟ್ಟು ಒಂದು ಕ್ಷಣ ನೋಡುತ್ತಿರಿ.

ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಹೆಚ್ಚು ಮಾಡಿದರೆ ದಣಿದ ಸ್ನಾಯು ಕೆಟ್ಟ ಚಾಳಿಯನ್ನು ಕಲಿಯುತ್ತದೆ.

6. ರೇಂಜಿನಲ್ಲಿ ಮೊದಲ ದಿನ: ಗುಂಪು ಹುಡುಕುವುದು

ಮೊದಲ ದಿನ ನಡುವಿನ ಚುಕ್ಕೆಯನ್ನು ಹೊಡೆಯುವ ಆಸೆ ಬಿಡಿ. ಐದು ಗುಂಡುಗಳೂ ಹತ್ತಿರ ಹತ್ತಿರ ಬೀಳುತ್ತವೆಯೇ ಎಂಬುದಷ್ಟೇ ಪ್ರಶ್ನೆ, ಎಲ್ಲಿ ಬೀಳುತ್ತವೆ ಎಂಬುದು ಮುಂದಿನ ವಿಷಯ.

ತುಂಬುವಾಗ ಒಂದು ಎಚ್ಚರ. ಅಂಚಿರುವ ಕಾರ್ತೂಸುಗಳಾದ್ದರಿಂದ ಮ್ಯಾಗಜಿನ್‌ನಲ್ಲಿ ಮೇಲಿನದರ ಅಂಚು ಕೆಳಗಿನದರ ಅಂಚಿನ ಮುಂದೆ ಇರಬೇಕು. ಹಿಂದೆ ಬಿದ್ದರೆ ಒಂದಕ್ಕೊಂದು ಸಿಕ್ಕಿ ಬೋಲ್ಟ್ ತಡೆಯುತ್ತದೆ. ಕಲಿಯುವಾಗ ಹತ್ತನ್ನೂ ತುಂಬುವ ಅಗತ್ಯವೇ ಇಲ್ಲ. ಒಂದೊಂದಾಗಿ ತುಂಬಿ ಹೊಡೆಯಿರಿ. ಬೋಲ್ಟನ್ನು ಮುಂದಕ್ಕೆ ತಳ್ಳುವಾಗ ಕೊನೆಯಲ್ಲಿ ಸ್ಪ್ರಿಂಗ್ ಒತ್ತಡ ಹತ್ತುತ್ತದೆ, ಅದು ಈ ರೈಫಲ್‌ನ ಸ್ವಭಾವ.

50 ಗಜದಿಂದ ಆರಂಭಿಸಿ, ಗುಂಡು ಕಾಗದಕ್ಕೆ ಬೀಳುತ್ತಿದೆ ಎಂದಾದ ಮೇಲೆ 100ಕ್ಕೆ ಹೋಗಿ. ಪ್ರತಿ ಗುಂಡಿನ ನಡುವೆ ಅರ್ಧ ನಿಮಿಷವಾದರೂ ಬಿಡಿ. ಹೊಡೆದ ತಕ್ಷಣ, ಕಾಗದ ನೋಡುವ ಮೊದಲೇ, ಕಡ್ಡಿ ಎಲ್ಲಿದ್ದಾಗ ಸಿಡಿಯಿತು ಎಂದು ಪುಸ್ತಕದಲ್ಲಿ ಚುಕ್ಕೆ ಇಡಿ. ಆಮೇಲೆ ನಿಜವಾಗಿ ಬಿದ್ದ ಜಾಗ ಗುರುತಿಸಿ. ಎರಡೂ ಹೊಂದುತ್ತಾ ಬಂದರೆ ತಪ್ಪು ಯಾರದು ಎಂಬುದು ತಿಳಿಯುತ್ತದೆ: ನೀವು ಹೇಳಿದಲ್ಲೇ ಬಿದ್ದ ಕೆಟ್ಟ ಗುಂಡು ನಿಮ್ಮದು, ಹೇಳದೆ ಬೇರೆಡೆ ಬಿದ್ದದ್ದು ರೈಫಲ್‌ನದೋ ಮದ್ದಿನದೋ ಇರಬಹುದು.

ಒಳ್ಳೆಯ ನಳಿಕೆಯ ನಂಬರ್ 4, ಒಳ್ಳೆಯ ಮದ್ದು, ಅಭ್ಯಾಸವಾದ ಕೈ ಇವು ಸೇರಿದರೆ 100 ಗಜದಲ್ಲಿ ಐದು ಗುಂಡುಗಳು 3 ಇಂಚಿನೊಳಗೆ ಬೀಳುವುದು ಗೌರವದ ಫಲಿತಾಂಶ. 2 ಇಂಚು ಬಂದರೆ ಕ್ಲಬ್ಬಿನಲ್ಲಿ ಚಹಾ ಕೊಡಿಸಿ. ಅಂತರ್ಜಾಲದಲ್ಲಿ 1 ಇಂಚಿನ ಗುಂಪುಗಳ ಫೋಟೋ ಹಾಕುವವರು ಉಳಿದ ಒಂಬತ್ತು ಕಾಗದಗಳನ್ನು ತೋರಿಸುವುದಿಲ್ಲ.

ಕಾಗದ ಓದುವುದನ್ನು ಕಲಿಯಿರಿ. ಗುಂಡುಗಳು ಲಂಬವಾಗಿ ಚೆದುರಿದರೆ ಉಸಿರು ನಿಲ್ಲಿಸುವ ಜಾಗ ಬದಲಾಗುತ್ತಿದೆ ಅಥವಾ ಕೆನ್ನೆ ಸರಿಯುತ್ತಿದೆ. ಅಡ್ಡಡ್ಡ ಚೆದುರಿದರೆ ಸಹಜ ದಿಕ್ಕು ಸರಿ ಕೂತಿಲ್ಲ. ನಳಿಕೆ ಬಿಸಿಯಾದಂತೆ ಒಂದೇ ದಿಕ್ಕಿಗೆ ಮೆಲ್ಲಗೆ ನಡೆದುಹೋದರೆ ಮರದ ಕೂರುವಿಕೆಯನ್ನು ಅನುಮಾನಿಸಿ. ಬಲಗೈಯವರ ಗುಂಡುಗಳು ಕೆಳಗೆ ಬಲಕ್ಕೆ ಬೀಳುತ್ತಿದ್ದರೆ ಸಿಡಿತಕ್ಕೆ ಹೆದರಿ ಟ್ರಿಗರನ್ನು ಕಿತ್ತೆಳೆಯುತ್ತಿದ್ದೀರಿ. ಇದಕ್ಕೆ ಮದ್ದು ಒಂದೇ. ಜೊತೆಗಾರರೊಬ್ಬರು ನಿಮಗೆ ಕಾಣದಂತೆ ಒಮ್ಮೆ ನಿಜವಾದದ್ದು, ಒಮ್ಮೆ ಡಮ್ಮಿ ತುಂಬಿ ಕೊಡಲಿ. ಡಮ್ಮಿಯ ಮೇಲೆ ಮೂತಿ ಕೆಳಕ್ಕೆ ಕುಕ್ಕಿದ್ದನ್ನು ಸ್ವತಃ ಕಂಡ ಮೇಲೆ ಯಾರೂ ಬಂದೂಕನ್ನು ದೂರುವುದಿಲ್ಲ.

7. ಸೈಟ್ ಹೊಂದಿಸುವುದು

ಗುಂಪು ಸ್ಥಿರವಾದ ಮೇಲಷ್ಟೇ ಇದಕ್ಕೆ ಕೈ ಹಾಕಿ. ಮೂರು ಗುಂಪುಗಳ ನಡುಬಿಂದುವನ್ನು ತೆಗೆದುಕೊಳ್ಳಿ. ಒಂದು ಗುಂಡು ನೋಡಿ ಸೈಟ್ ತಿರುಗಿಸುವವರು ಸಂಜೆಯವರೆಗೂ ತಿರುಗಿಸುತ್ತಲೇ ಇರುತ್ತಾರೆ.

ನಂಬರ್ 4ರಲ್ಲಿ ಎರಡು ಬಗೆಯ ಹಿಂದಿನ ಸೈಟ್ ಸಿಗುತ್ತದೆ. ಒಂದು 200ರಿಂದ 1300 ಗಜದವರೆಗೆ ಗುರುತುಗಳಿರುವ, ತಿರುಪಿನಿಂದ ಏರಿಳಿಸುವ ಏಣಿ. ಇನ್ನೊಂದು 300 ಮತ್ತು 600 ಗಜದ ಎರಡೇ ತೂತುಗಳ ಅಗ್ಗದ ಮಡಚು ಸೈಟ್. ಏಣಿಯ 200ರ ಗುರುತಿನಲ್ಲಿ ಹೊಡೆದರೆ 100 ಗಜದಲ್ಲಿ ಎರಡು ಮೂರು ಇಂಚು ಮೇಲೆ, 300ರ ತೂತಿನಿಂದ ಐದಾರು ಇಂಚು ಮೇಲೆ ಬೀಳುವುದು ಸಹಜ. ಇದು ರೈಫಲ್‌ನ ದೋಷವಲ್ಲ. 100 ಗಜದಲ್ಲೇ ಆಡುವವರು ಮುಂದಿನ ಕಡ್ಡಿಯನ್ನು ಎತ್ತರದ್ದಕ್ಕೆ ಬದಲಿಸಬಹುದು. ಕಡ್ಡಿಗಳು 0.015 ಇಂಚಿನ ಮೆಟ್ಟಿಲುಗಳಲ್ಲಿ ದೊರೆಯುತ್ತವೆ; ಒಂದು ಮೆಟ್ಟಿಲು ಎತ್ತರಿಸಿದರೆ 100 ಗಜದಲ್ಲಿ ಗುಂಡು ಸುಮಾರು 1.9 ಇಂಚು ಕೆಳಗಿಳಿಯುತ್ತದೆ.

ಎಡಬಲಕ್ಕೆ ಮುಂದಿನ ಕಡ್ಡಿಯ ಬುಡವನ್ನೇ ಸರಿಸಬೇಕು, ಗುಂಡು ತಪ್ಪಿದ ಕಡೆಗೇ. ಎಡಕ್ಕೆ ಬೀಳುತ್ತಿದ್ದರೆ ಕಡ್ಡಿ ಎಡಕ್ಕೆ. ಮೊದಲ ಸಲ ಇದು ತಲೆಕೆಳಗಾಗಿ ಅನಿಸುತ್ತದೆ. ಕಾಗದದ ಮೇಲೆ ಎರಡು ಬಿಂದು, ಒಂದು ಗೆರೆ ಎಳೆದು ನೋಡಿದರೆ ಅರ್ಥವಾಗುತ್ತದೆ. ಸುತ್ತಿಗೆಯ ಬದಲು ಇದಕ್ಕೆಂದೇ ಇರುವ ತಿರುಪು ಸಲಕರಣೆ ಬಳಸಿ. ಒಂದು ಸಲಕ್ಕೆ ಒಂದನ್ನಷ್ಟೇ ಬದಲಿಸಿ, ಬರೆದುಕೊಳ್ಳಿ, ಮತ್ತೆ ಐದು ಹೊಡೆಯಿರಿ.

ಗಾಳಿಯ ಚಿಂತೆ 100 ಗಜದಲ್ಲಿ ಬೇಡ: ಗಂಟೆಗೆ 10 ಮೈಲಿಯ ಅಡ್ಡಗಾಳಿ ಅಲ್ಲಿ ಗುಂಡನ್ನು ಒಂದು ಇಂಚಿನಷ್ಟು ಸರಿಸುತ್ತದೆ. 300 ಗಜದಲ್ಲಿ ಅದೇ ಗಾಳಿ ಎಂಟೊಂಬತ್ತು ಇಂಚು ಸರಿಸುತ್ತದೆ. ಅಷ್ಟು ದೂರಕ್ಕೆ ಹೋಗುವ ಹೊತ್ತಿಗೆ ಹುಲ್ಲನ್ನೂ ಬಾವುಟಗಳನ್ನೂ ಓದಲು ಕಲಿತಿರಬೇಕು. ಬ್ರಿಟನ್ನಿನಲ್ಲಿರುವವರಿಗೆ ಸರ್ರಿಯ ಬಿಸ್ಲಿ ಇದಕ್ಕೆ ಸರಿಯಾದ ಜಾಗ. 1859ರಲ್ಲಿ ಹುಟ್ಟಿದ ಅಲ್ಲಿನ ರೈಫಲ್ ಸಂಸ್ಥೆ 1890ರಲ್ಲಿ ವಿಂಬಲ್ಡನ್‌ನಿಂದ ಅಲ್ಲಿಗೆ ಹೋಯಿತು. ಹಳೆಯ ರೈಫಲ್‌ಗಳಿಗೆಂದೇ ಅಲ್ಲಿ ಸ್ಪರ್ಧೆಗಳು ನಡೆಯುತ್ತವೆ. ಅಮೆರಿಕದಲ್ಲಿ ಸಿಎಂಪಿ (ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ) ಸಂಸ್ಥೆ ನಡೆಸುವ ವಿಂಟೇಜ್ ಸೇನಾ ರೈಫಲ್ ಸ್ಪರ್ಧೆಗಳಿವೆ. ಒಹಾಯೊದ ಕ್ಯಾಂಪ್ ಪೆರಿ ಅವುಗಳ ಹೆಸರಾಂತ ತಾಣ.

8. ಶುಚಿಗೊಳಿಸುವುದು

ಹೊಸ ಮದ್ದು ಬಳಸಿದ್ದರೆ ದ್ರಾವಕದಲ್ಲಿ ಅದ್ದಿದ ಬಟ್ಟೆ, ಒಣ ಬಟ್ಟೆ, ಎಣ್ಣೆ, ಇಷ್ಟೇ. ಸಾಧ್ಯವಿದ್ದಷ್ಟೂ ಹಿಂದಿನಿಂದ ಶುಚಿಗೊಳಿಸುವ ಕಡ್ಡಿ ಹಾಕಿ, ಮೂತಿಯನ್ನು ಉಜ್ಜಬೇಡಿ.

ಹಳೆಯ ಸೇನಾ ಮದ್ದು ಬಳಸಿದ್ದರೆ ಅದೇ ದಿನ ನೀರು ಬೇಕು. ಆ ಪ್ರೈಮರ್‌ಗಳು ಸುಟ್ಟು ನಳಿಕೆಯಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಉಳಿಸುತ್ತವೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಉಕ್ಕನ್ನು ತಿನ್ನುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ಹಾಗಾಗಿ ಎಷ್ಟು ಎಣ್ಣೆ ಹಾಕಿದರೂ ಅದರ ಅಡಿಯಲ್ಲಿ ತುಕ್ಕು ಬೆಳೆಯುತ್ತಲೇ ಇರುತ್ತದೆ. ಬ್ರಿಟಿಷ್ ಸೈನಿಕರು ಕೊಳವೆಯಾಕಾರದ ಲಾಳಿಕೆಯನ್ನು ಚೇಂಬರಿಗೆ ಸಿಕ್ಕಿಸಿ ಕುದಿಯುವ ನೀರು ಸುರಿಯುತ್ತಿದ್ದರು. ಇಂದಿಗೂ ಇದಕ್ಕಿಂತ ಉತ್ತಮ ಉಪಾಯ ಬಂದಿಲ್ಲ. ನೀರು ಕುದಿಯುತ್ತಿದ್ದರೆ ನಳಿಕೆ ಬಿಸಿಯಾಗಿ ತಾನೇ ಬೇಗ ಒಣಗುತ್ತದೆ; ಕೈಗೆ ದಪ್ಪ ಬಟ್ಟೆ ಇರಲಿ, ನೀರು ಮರದೊಳಗೆ ಇಳಿಯದಂತೆ ಮೂತಿಯನ್ನು ಕೆಳಗೆ ಹಿಡಿಯಿರಿ. ಬೋಲ್ಟ್ ಮುಖವನ್ನೂ ಬಿಸಿನೀರಿನಲ್ಲಿ ಒರೆಸಿ. ಪೂರ್ತಿ ಒಣಗಿಸಿದ ಮೇಲೆ ತೆಳುವಾಗಿ ಎಣ್ಣೆ ಸವರಿ.

ಮರುದಿನ ಒಂದು ಬಿಳಿ ಬಟ್ಟೆಯ ಚೂರನ್ನು ನಳಿಕೆಯಲ್ಲಿ ಹಾಯಿಸಿ. ಕಂದು ಬಣ್ಣ ಅಂಟಿಕೊಂಡು ಬಂದರೆ ನೀರಿನ ಕೆಲಸವನ್ನು ಮತ್ತೊಮ್ಮೆ ಮಾಡಿ. ಮೂರನೆಯ ದಿನವೂ ಬಟ್ಟೆ ಬೆಳ್ಳಗೇ ಬಂದರೆ ಬೋಲ್ಟನ್ನು ಬೇರೆ ಇಟ್ಟು, ಮದ್ದುಗುಂಡನ್ನು ಇನ್ನೊಂದು ಬೀಗದಡಿ ಸೇರಿಸಿ, ರೈಫಲನ್ನು ಕಪಾಟಿಗೆ ಹಾಕಬಹುದು. ಬಟ್ಟೆ ಹೊದಿಕೆಯ ಚೀಲದಲ್ಲಿ ಮಾತ್ರ ತಿಂಗಳುಗಟ್ಟಲೆ ಇಡಬೇಡಿ, ಅದು ತೇವ ಹಿಡಿದಿಟ್ಟುಕೊಳ್ಳುತ್ತದೆ.